ಅರ್ಧ ಪೈಲಟ್

ಮೊನ್ನೆ ಲಿಫ್ಟಿನಲ್ಲಿ ಪಕ್ಕದ ಮನೆಯ ಎಂಟು ವರ್ಷದ ಹುಡುಗ ತನ್ನ ಗೆಳೆಯನಿಗೆ ನನ್ನನ್ನು ತೋರಿಸಿ, "ಹೇ ಕಾಕಾ ಅರ್ಧೇ ಪಾಯಲಟ್ ಆಹೇತ್" ಅಂದ, ಮರಾಠಿಯಲ್ಲಿ: ಈ ಕಾಕಾ ಅರ್ಧ ಪೈಲಟ್ ಅಂತ. ಗೆಳೆಯ ನನ್ನ ಹೆಲ್ಮೆಟ್ಟು, ಕೈಯಲ್ಲಿದ್ದ ಕೊತ್ತಂಬರಿ ಕಟ್ಟು ಎರಡನ್ನೂ ನೋಡಿದ. ಅರ್ಧವನ್ನೂ ನಂಬಿದಂತೆ ಕಾಣಲಿಲ್ಲ.

ಲೆಕ್ಕ ಮಾತ್ರ ಹುಡುಗನದು ಸರಿಯೇ. ಕಂಪನಿ ಕೆಲಸಕ್ಕೆ ಅಮೆರಿಕದಲ್ಲಿದ್ದಾಗ ಸಣ್ಣ ವಿಮಾನ ಹಾರಿಸುವ ಸ್ಪೋರ್ಟ್ ಪೈಲಟ್ ಲೈಸನ್ಸ್ ಮಾಡಿಸಿದ್ದೆ. ಅದಕ್ಕೆ ಕಡಿಮೆಯೆಂದರೆ 20 ಗಂಟೆ ಹಾರಾಟ, ಅದರಲ್ಲಿ 5 ಗಂಟೆ ಒಬ್ಬನೇ. ಡಾಕ್ಟರ ತಪಾಸಣೆಯ ಮೆಡಿಕಲ್ ಸರ್ಟಿಫಿಕೇಟ್ ಬದಲಿಗೆ ಅಲ್ಲಿಯ ಕಾರಿನ ಡ್ರೈವಿಂಗ್ ಲೈಸನ್ಸೇ ನಡೆಯುತ್ತದೆ. ಜೊತೆಗೆ ಕೂರಿಸಿಕೊಳ್ಳುವುದು ಒಬ್ಬರನ್ನೇ. ಇಲ್ಲಿ ಪ್ರೈವೇಟ್ ಪೈಲಟ್ ಆಗಲು ವಿಮಾನಯಾನದ ಸರಕಾರಿ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೇಳುವುದು 40 ಗಂಟೆ, ಕ್ಲಾಸ್ 2 ಮೆಡಿಕಲ್, ಮೇಲೆ ಹವಾಮಾನ, ನ್ಯಾವಿಗೇಶನ್ ಅಂತ ಪರೀಕ್ಷೆಗಳು. ಇಪ್ಪತ್ತು ನಲವತ್ತರ ಅರ್ಧ ಅಲ್ಲವೇ?

ಉಳಿದರ್ಧ ಕಲಿಯಲು ಶನಿವಾರ ಬೆಳಕು ಹರಿಯುವ ಮುಂಚೆ ಬಾರಾಮತಿಯ ಫ್ಲೈಯಿಂಗ್ ಸ್ಕೂಲಿಗೆ ಹೊರಡುತ್ತೇನೆ. ಧಾರವಾಡದಲ್ಲಿ ಇದು ಗೊತ್ತಾದಾಗಿನಿಂದ ಎಲ್ಲರದೂ ಒಂದೇ ಪ್ರಶ್ನೆ: "ಪಗಾರ ಎಷ್ಟ್ ಕೊಡ್ತಾರ?" ನಾನೇ ಕೊಡಬೇಕು ಅಂದರೆ ಸೋದರಮಾವ ಫೋನಿನಲ್ಲೇ ಸುಮ್ಮನಾದರು. ಅಮೆರಿಕದ ಆ ಸಣ್ಣ ಏರ್‌ಫೀಲ್ಡಿನಲ್ಲಿ ಒಬ್ಬ ನಿವೃತ್ತ ಪ್ಲಂಬರ್ ಪಕ್ಕದೂರಿಗೆ ನಾಷ್ಟಾ ಮಾಡಲು ಹಾರಿ ಹೋಗುತ್ತಿದ್ದ. ಅವನನ್ನು ಯಾರೂ ಪಗಾರ ಕೇಳಲಿಲ್ಲ. ನಮ್ಮಲ್ಲಿ ನಲವತ್ತು ದಾಟಿದವನು ಸುಮ್ಮನೆ ಆಸೆಗೆ ಏನನ್ನಾದರೂ ಕಲಿತರೆ ಅವನಿಗೆ ಏನೋ ಆಗಿದೆ ಅಂತಲೇ ಅರ್ಥ. "ಭಾಳ ಹಾರಾಡಬ್ಯಾಡ" ಅನ್ನುವ ಬೈಗುಳ ಕೇಳಿಯೇ ಬೆಳೆದವರು ನಾವು.

ಅವ್ವ ಮಾತ್ರ ಬೇರೆಯದನ್ನೇ ಕೇಳಿದಳು: "ಹತ್ತೂಕಿಂತ ಮುಂಚೆ ಏನ್ ಮಾಡ್ತಿ?"

ರೆಕ್ಕೆಯ ಕೆಳಗಿನಿಂದ ಸ್ವಲ್ಪ ಪೆಟ್ರೋಲು ಪಾರದರ್ಶಕ ಬಟ್ಟಲಿಗೆ ಬಿಟ್ಟು ಬೆಳಕಿಗೆ ಹಿಡಿಯುತ್ತೇನೆ ಅಂದೆ. ತಿಳಿ ನೀಲಿ ಇರುತ್ತದೆ. ನೀರು ಸೇರಿದ್ದರೆ ತಳದಲ್ಲಿ ಗುಳ್ಳೆಯ ಹಾಗೆ ಬೇರೆಯಾಗಿ ಕೂರುತ್ತದೆ. ಹೇಳುತ್ತಿರುವಾಗಲೇ ನನಗೆ ನಮ್ಮ ಹಳೇ ಮನೆಯ ಕಟ್ಟೆ ಕಣ್ಣಿಗೆ ಬಂತು. ಗೌಳಿ ಕ್ಯಾನು ಇಳಿಸಿದ ಕೂಡಲೇ ಅವ್ವ ಒಂದು ಹನಿ ಹಾಲನ್ನು ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟು ಜಾರುವುದನ್ನು ನೋಡುತ್ತಿದ್ದಳು. ಅವನು ಆಕಾಶ ನೋಡುತ್ತ ನಿಂತಿರುತ್ತಿದ್ದ.

"ಪ್ರತಿಸಲ ನೋಡ್ತೀಯೋ, ಇಲ್ಲಾ ನೆನಪಾದಾಗ ಅಷ್ಟೋ?"

"ಪ್ರತಿಸಲ, ಅವ್ವಾ."

"ಹಂಗಾರ ಹೋಗು."