ಈಸಕ್ಕಿಯಾಸೆ

12 ಜುಲೈ 2025, ಶನಿವಾರ

ಸೋಮವಾರ ಆಫೀಸಿನಲ್ಲಿ ಹಿರಿಯರೊಬ್ಬರ ಬೀಳ್ಕೊಡುಗೆ. ಕಾರ್ಡ್ ಬರೆಯುವ ಕೆಲಸ ನನ್ನ ತಲೆಗೆ ಬಂತು. ಅಕ್ಷರ ದುಂಡಗಿದೆ ಅನ್ನೋದೇ ನಾನು ಮಾಡಿದ ತಪ್ಪು. ‘ಕಾಯಕವೇ ಕೈಲಾಸ – ಬಸವಣ್ಣ’ ಎಂದು ದಪ್ಪಗೆ ಬರೆದು, ಒಣಗಲಿ ಅಂತ ಅಡುಗೆಮನೆ ಕಟ್ಟೆ ಮೇಲಿಟ್ಟೆ.

ಪಕ್ಕದಲ್ಲೇ ದೊಡ್ಡಮ್ಮ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಕನ್ನಡಕ ಮೇಲೇರಿಸಿ ನೋಡಿದರು. “ಕೂಡಲಸಂಗಮದೇವ ಎಲ್ಲೋ?”

“ಯಾರು?”

“ಬಸವಣ್ಣನ ವಚನ ಅಂದ್ರೆ ಕೊನೇಲಿ ಅವನ ಅಂಕಿತ, ಅಂದ್ರೆ ಬರೆದವರ ಗುರುತಿನ ಹೆಸರು, ಇರಬೇಕಲ್ವಾ? ಎಲ್ಲಿ, ಪೂರ್ತಿ ಹೇಳು.”

ಬರಲಿಲ್ಲ. ಎರಡೇ ಪದ ಗೊತ್ತಿದ್ದದ್ದು. ಅಕ್ಕಿಯಿಂದ ಕಣ್ಣು ತೆಗೆಯದೆ ಅವರೇ ಶುರು ಮಾಡಿದರು: “ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು...” ಲಿಂಗಪೂಜೆಯನ್ನೂ ಮರೆಯಬೇಕಂತೆ. ಜಂಗಮ ಎದುರಿಗೆ ಬಂದು ನಿಂತರೂ ಹಂಗು ಹರಿಯಬೇಕಂತೆ. ಯಾಕೆಂದರೆ ಕಾಯಕವೇ ಕೈಲಾಸ. ಕೊನೆಗೆ ಬಂದದ್ದು ಅಮರೇಶ್ವರಲಿಂಗ. ಅದು ಆಯ್ದಕ್ಕಿ ಮಾರಯ್ಯನ ಅಂಕಿತ.

ಇಷ್ಟು ಖಾರದ ಮಾತು ಅಂತ ಗೊತ್ತೇ ಇರಲಿಲ್ಲ. ಗೋಡೆ ಮೇಲೆ ಎರಡು ಪದ ಬರೆಸುವ ಆಫೀಸುಗಳು ಪೂರ್ತಿ ವಚನ ಬರೆಸಿದರೆ, ಸಾಹೇಬರು ಬಂದಾಗ ಯಾರೂ ಕುರ್ಚಿ ಬಿಟ್ಟು ಏಳಬೇಕಾಗಿಲ್ಲ!

ಮಾರಯ್ಯ 12ನೇ ಶತಮಾನದವನು. ಊರು ಈಗಿನ ರಾಯಚೂರು ಜಿಲ್ಲೆ ಲಿಂಗಸೂಗೂರು ಕಡೆಯ ಅಮರೇಶ್ವರ. ಕಲ್ಯಾಣಕ್ಕೆ ಬಂದು, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದೇ ಅವನ ಕಾಯಕ. ಹೆಸರು ಬಂದದ್ದೂ ಅದರಿಂದಲೇ. ಒಂದು ದಿನ ಜಾಸ್ತಿ ತಂದನಂತೆ. ಹೆಂಡತಿ ಲಕ್ಕಮ್ಮ ಬಿಡಲಿಲ್ಲ. “ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ” ಎಂದು ವಾಪಸ್ ಕಳಿಸಿದಳು. ಆಸೆ ಅನ್ನೋದು ಅರಸರಿಗೆ ಇರಬಹುದು, ಶಿವಭಕ್ತರಿಗೂ ಉಂಟೇ ಅಂತ ಅದೇ ವಚನದಲ್ಲಿ ಕೇಳುತ್ತಾಳೆ. ಅವಳ ಅಂಕಿತದಲ್ಲಿ ಗಂಡನ ಹೆಸರೂ ಇದೆ: ಮಾರಯ್ಯಪ್ರಿಯ ಅಮರೇಶ್ವರಲಿಂಗ. ಹೆಸರೇನೋ ಇಟ್ಟುಕೊಂಡಳು, ಬೈಯೋದನ್ನು ಬಿಡಲಿಲ್ಲ.

ಆಮೇಲೆ ಹೈಸ್ಕೂಲಿನಿಂದ ಸೂಕ್ತಿ ಬರೆದಿಟ್ಟ ನನ್ನ ನೋಟ್‌ಬುಕ್ ತೆಗೆದೆ. ಪುರಂದರ ವಿಠಲ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ... ಅಂಕಿತ ಇದ್ದವೆಲ್ಲ ಸರಿ. 1943ರ ಕಗ್ಗದ ಪದ್ಯಗಳೂ ಸರಿ, ‘ಮಂಕುತಿಮ್ಮ’ ಕಾವಲಿಗೆ ಇದ್ದಾನಲ್ಲ. ಮೊಬೈಲಿನಿಂದ ಇಳಿಸಿಕೊಂಡ ಬುದ್ಧ, ಐನ್‌ಸ್ಟೈನ್ ಹೆಸರಿನ ಹಾಳೆಗಳು ಬರೀ ಅನುಮಾನ. ಒಂದೇ ಮಾತು ಇಬ್ಬರ ಹೆಸರಲ್ಲೂ ಇದೆ. ಬರೆದವನು ನಾನೇ.

ಕಾರ್ಡಿನ ಮೇಲೆ ‘ಬಸವಣ್ಣ’ಕ್ಕೆ ವೈಟ್ನರ್ ಬಳಿದು ‘ಆಯ್ದಕ್ಕಿ ಮಾರಯ್ಯ’ ಅಂತ ಬರೆದೆ. ಜಾಗ ಸಾಲಲಿಲ್ಲ. ‘ಯ್ಯ’ ಅಂಚಿಗೆ ಹೋಗಿ ಬಗ್ಗಿ ಕೂತಿದೆ.