ರಿಯಾದ್‌ನಲ್ಲಿ ಕರ್ನಾಟಕ ತಂಡ ಕಪ್ ಎತ್ತಿದ್ದು

ನಮ್ಮ ಮಂಗಳೂರಲ್ಲಿ ಬೆಂಗ್ರೆ, ಉಳ್ಳಾಲ ಕಡೆ ಹೋದ್ರೆ ಫುಟ್ಬಾಲ್ ಹುಚ್ಚು ಎಂತದ್ದು ಅಂತ ಗೊತ್ತಾಗ್ತದೆ ಮಾರಾಯ್ರೆ, ಆದ್ರೆ ಅಲ್ಲೂ ಮೆಸ್ಸಿ ಬಗ್ಗೆ ಮಾತಾಡುವವರು ಜಾಸ್ತಿ, ರಾಜ್ಯ ತಂಡಗಳು ಆಡುವ ರಾಷ್ಟ್ರೀಯ ಟೂರ್ನಿ ಸಂತೋಷ್ ಟ್ರೋಫಿ ಬಗ್ಗೆ ಕಮ್ಮಿ. 2023ರ ಫೈನಲ್ ನೆನಪುಂಟಾ? ಟೂರ್ನಿಯ ಸೆಮಿ, ಫೈನಲ್ ಮೊದಲ ಸಲ ವಿದೇಶಕ್ಕೆ ಹೋದದ್ದು, ಅದೂ ಸೌದಿಗೆ, ಅಂದ್ರೆ ಅರ್ಧ ಕರಾವಳಿ ಇರುವ ಜಾಗಕ್ಕೆ!

ಭುವನೇಶ್ವರದ ಗ್ರೂಪ್ ಹಂತದಲ್ಲಿ ಹಿಂದಿನ ವರ್ಷದ ಚಾಂಪಿಯನ್ ಕೇರಳವನ್ನೇ ನಮ್ಮವರು 1-0 ಸೋಲಿಸಿದ್ರು, ಪಕ್ಕದ ಕಾಸರಗೋಡಿನ ಫ್ರೆಂಡ್ಸ್ ಇರುವವರಿಗೆ ಆ ಖುಷಿಯೇ ಬೇರೆ. ಸೆಮಿಯಲ್ಲಿ ಸರ್ವಿಸಸ್ (ಸೇನಾಪಡೆಗಳ ತಂಡ) ಮೊದಲು ಗೋಲ್ ಹೊಡೀತು, ಆದ್ರೆ ನಮ್ಮ ರಾಬಿನ್ ಯಾದವ್ ಫ್ರೀಕಿಕ್‌ನಲ್ಲಿ ಸಮ ಮಾಡಿದ್ಮೇಲೆ ಮ್ಯಾಚೇ ತಿರುಗಿ ಕೊನೆಗೆ 3-1. ಆ ಕಡೆಯಿಂದ ಮೇಘಾಲಯ ಪಂಜಾಬನ್ನು 2-1 ಸೋಲಿಸಿ ಬಂತು, ಅವರಿಗೆ ಇದು ಫಸ್ಟ್ ಫೈನಲ್.

ಮಾರ್ಚ್ 4, ಕಿಂಗ್ ಫಹದ್ ಸ್ಟೇಡಿಯಂ. ಶುರುವಾಗಿ ಸರಿಯಾಗಿ ಕೂತ್ಕೊಳ್ಳುವ ಮೊದಲೇ ನಮ್ಮ ಸುನಿಲ್ ಕುಮಾರ್ ಗೋಲ್, ಸ್ವಲ್ಪ ಹೊತ್ತಲ್ಲೇ ಮೇಘಾಲಯದ್ದು ಪೆನಾಲ್ಟಿ ಗೋಲ್, ಆಮೇಲೆ ನಮ್ಮ ಬೇಕಿ ಓರಾಂ, ಹಾಫ್‌ಟೈಮ್ ಹತ್ರ ಮತ್ತೆ ರಾಬಿನ್ ಫ್ರೀಕಿಕ್ (ಈ ಜನಕ್ಕೆ ಅದೊಂದು ಚಟ ಅಂತ ಕಾಣ್ತದೆ). ಸೆಕೆಂಡ್ ಹಾಫ್‌ನಲ್ಲಿ ಮೇಘಾಲಯದ ಶೀನ್ ಒಂದು ವಾಪಸ್ ಹೊಡೆದ, 3-2, ಆಮೇಲೆ ನಮ್ಮ ಡಿಫೆನ್ಸ್ ಹೇಗೋ ತಡ್ಕೊಂಡಿತು.

ಕೋಚ್ ರವಿ ಬಾಬು ರಾಜು. ಕಪ್ ಬಂದದ್ದು 54 ವರ್ಷದ ನಂತರ, 1968-69ರಲ್ಲಿ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು!