ಯಾವಾಗ ಎಂದು ನಾನು ಕೇಳಲಿಲ್ಲ

ಎಚ್‌ಐವಿ ಪರೀಕ್ಷಾ ಕೇಂದ್ರದ ಲ್ಯಾಬ್‌ಗೆ ಸೇರಿ ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ರಕ್ತ ತೆಗೆಯುವುದು, ಕಿಟ್ ಹಾಕುವುದು, ರಿಸಲ್ಟ್ ಬರೆಯುವುದು ನನ್ನ ಕೆಲಸ. ಬಂದವರ ಜೊತೆ ಕೂತು ಮಾತಾಡುವುದು ಕೌನ್ಸೆಲರ್ ಮೇಡಂ ಕೆಲಸ. ಅವತ್ತು ಅವರು ರಜೆಯಲ್ಲಿದ್ದರು.

ಒಬ್ಬ ಹುಡುಗ ಬಂದ. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಬೆರಳು ಚುಚ್ಚುವಾಗ ಅವನ ಕೈ ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಕಿಟ್‌ನಲ್ಲಿ ಒಂದೇ ಗೆರೆ ಬಂತು. "ನೆಗೆಟಿವ್ ರೀ, ಸುಮ್ನೆ ಹೆದರಿದ್ರಿ" ಎಂದು ನಗುತ್ತಾ ಚೀಟಿ ಕೊಟ್ಟೆ. ಕೈಮುಗಿದು ಹೋದ. ಒಬ್ಬರ ಭಯ ಕಳೆದೆ ಅಂತ ನನಗೂ ಖುಷಿಯಾಯಿತು.

ಮೂರು ತಿಂಗಳ ಮೇಲೆ ಮತ್ತೆ ಬಂದ. ಈ ಸಲ ಎರಡು ಗೆರೆ. ಒಂದೇ ಕಿಟ್ ನೋಡಿ ಪಾಸಿಟಿವ್ ಅನ್ನುವ ಹಾಗಿಲ್ಲ, ಹಾಗಾಗಿ ಬೇರೆ ಕಿಟ್‌ಗಳಲ್ಲೂ ಹಾಕಿದೆವು. ಎಲ್ಲದರಲ್ಲೂ ಅದೇ ಉತ್ತರ. ಮೇಡಂ ಅವನನ್ನು ಕೂರಿಸಿಕೊಂಡು ಕೇಳಿದರು: "ಮೊದಲ ಸಲ ಬಂದಿದ್ರಲ್ಲ, ಅದಕ್ಕೆ ಎಷ್ಟು ದಿನ ಮುಂಚೆ ಆಗಿದ್ದು?"

"ಎರಡು ದಿನ, ಮೇಡಂ."

ಪಕ್ಕದಲ್ಲಿ ರಿಜಿಸ್ಟರ್ ಬರೆಯುತ್ತಿದ್ದ ನನ್ನ ಪೆನ್ನು ನಿಂತಿತು.

ಎರಡನೇ ದಿನ ಯಾವ ಪರೀಕ್ಷೆಯೂ ಆ ಸೋಂಕನ್ನು ಹಿಡಿಯುವುದಿಲ್ಲ. ನಾವು ಬೆರಳಿನ ರಕ್ತದಲ್ಲಿ ನೋಡುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಕಿಟ್‌ಗೆ ಸಿಗುವಷ್ಟು ಆಗಲು 23ರಿಂದ 90 ದಿನ ಬೇಕು. ರಕ್ತನಾಳದಿಂದ ರಕ್ತ ತೆಗೆದು, ಪ್ರತಿಕಾಯದ ಜೊತೆ ಪಿ24 ಎಂಬ ವೈರಸ್ಸಿನ ಪ್ರೋಟೀನನ್ನೂ ಹುಡುಕುವ ಲ್ಯಾಬ್ ಪರೀಕ್ಷೆಗೆ 18ರಿಂದ 45 ದಿನ ಸಾಕು. ವೈರಸ್ಸಿನ ಆರ್‌ಎನ್‌ಎಯನ್ನೇ, ಅಂದರೆ ಅದರ ಆನುವಂಶಿಕ ವಸ್ತುವನ್ನೇ, ಹುಡುಕಿದರೂ 10ರಿಂದ 33 ದಿನ ಕಾಯಬೇಕು. ಇದನ್ನೇ ವಿಂಡೋ ಪೀರಿಯಡ್ ಅನ್ನುವುದು. ಓದುವಾಗ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದ ವಿಷಯ ಇದು, ಗೊತ್ತಿರಲಿಲ್ಲ ಅಂತಲ್ಲ.

ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಬೇರೆ. ಸೋಂಕು ತಗುಲಿರಬಹುದು ಅನ್ನಿಸಿದ 72 ಗಂಟೆಯೊಳಗೆ ಪೆಪ್ ಮಾತ್ರೆ ಶುರು ಮಾಡಿ 28 ದಿನ ತಪ್ಪದೆ ನುಂಗಿದರೆ ಸೋಂಕು ನೆಲೆಯೂರದಂತೆ ತಡೆಯುವ ಸಾಧ್ಯತೆ ಚೆನ್ನಾಗಿಯೇ ಇದೆ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಶುರು ಮಾಡುವಾಗ, ಮೊದಲೇ ಸೋಂಕಿದೆಯಾ ಅಂತ ತಿಳಿಯಲು ಒಂದು ಪರೀಕ್ಷೆಯನ್ನೂ ಮಾಡುತ್ತಾರೆ. ಅಂದರೆ ನಾನು ಕೊಟ್ಟ ಆ ಚೀಟಿ ಹಿಡಿದು ಅವನು ಡಾಕ್ಟರ ರೂಮಿಗೆ ಹೋಗಬೇಕಿತ್ತು. ನಾನು ಮನೆಗೆ ಕಳಿಸಿದ್ದೆ.

ಮೂರನೇ ವಾರ ಅವನಿಗೆ ಜ್ವರ, ಗಂಟಲು ನೋವು, ಮೈಮೇಲೆ ಕೆಂಪು ಗುಳ್ಳೆ ಬಂದಿತ್ತಂತೆ. ಹೊಸ ಸೋಂಕಿನಲ್ಲಿ ಎರಡರಿಂದ ನಾಲ್ಕು ವಾರಕ್ಕೆ ಹೀಗೆ ಬರುವುದುಂಟು, ತಾನಾಗೇ ಹೋಗುವುದೂ ಉಂಟು. ರಕ್ತದಲ್ಲಿ ವೈರಸ್ ತುಂಬಿ ತುಳುಕುವ, ಬೇರೆಯವರಿಗೆ ಸುಲಭವಾಗಿ ದಾಟುವ ಸಮಯವೇ ಅದು. "ಅದೇ ಇರಬಹುದಾ ಅಂತ ಒಂದು ಸಲ ಅನ್ನಿಸ್ತು. ಆದ್ರೆ ನಿಮ್ಮ ಚೀಟಿ ಇತ್ತಲ್ವಾ" ಅಂದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅವತ್ತಿನಿಂದ ಸೂಜಿ ಮುಟ್ಟುವ ಮುಂಚೆ ನಾನು ಒಂದು ಪ್ರಶ್ನೆ ಕೇಳುತ್ತೇನೆ: ಯಾವಾಗ? ಯಾರ ಜೊತೆ, ಯಾಕೆ ಅಂತ ಕೇಳುವುದಿಲ್ಲ, ಅದು ನನಗೆ ಬೇಕಿಲ್ಲ. "ಹೋದ ವಾರ" ಅಂದರೆ ಬಿಡುವುದಿಲ್ಲ. ಕ್ಯಾಲೆಂಡರ್ ಮುಂದಿಟ್ಟು ಯಾವ ದಿನ, ಯಾವ ಹೊತ್ತು ಅಂತ ಕೇಳುತ್ತೇನೆ. ಭಯದಲ್ಲಿರುವವರು ದಿನಗಳನ್ನು ತಪ್ಪಾಗಿ ಎಣಿಸುತ್ತಾರೆ. 72 ಗಂಟೆಯೊಳಗಿದ್ದರೆ ರಿಸಲ್ಟ್ ಜೊತೆ ನೇರ ಡಾಕ್ಟರ ಹತ್ತಿರ. ವಿಂಡೋದಲ್ಲಿದ್ದರೆ ಚೀಟಿಯ ಮೇಲೆಯೇ ಮುಂದಿನ ಪರೀಕ್ಷೆಯ ತಾರೀಕು.

ಆ ಹುಡುಗ ಈಗ ಚೆನ್ನಾಗಿದ್ದಾನೆ. ದಿನಾ ಮಾತ್ರೆ ತಗೊಳ್ಳುತ್ತಾನೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಪರೀಕ್ಷೆಗೆ ಸಿಗದಷ್ಟು ಇಳಿದಿದೆ. ಅದು ಹಾಗೇ ಇರುವ ತನಕ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಇದನ್ನು ಕೇಳಿದಾಗ ಬಹಳ ಜನ ನಂಬುವುದೇ ಇಲ್ಲ, ಅದರ ಕತೆ ಇನ್ನೊಂದು ದಿನ ಬರೆಯುತ್ತೇನೆ.

ಆದರೂ ನಾನು ಆತುರ ಪೂರ್ತಿ ಬಿಟ್ಟಿರಲಿಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಒಬ್ಬರು ತುಂಬ ತಡವಾಗಿ ಬಂದರು. ಬಾಯಲ್ಲಿ ಬಿಳಿ ಪದರ ಕಟ್ಟುತ್ತಿದ್ದರೂ ತಿಂಗಳುಗಟ್ಟಲೆ ಬರೀ ಬಾಯಿಹುಣ್ಣು ಅಂತ ಔಷಧಿ ಹಚ್ಚಿಕೊಂಡಿದ್ದರು. ಅದು ಫಂಗಸ್. ಪಾಸಿಟಿವ್ ಬಂತು. ಸಿಡಿ4, ಅಂದರೆ ಎಚ್‌ಐವಿ ನಾಶ ಮಾಡುವ ರೋಗನಿರೋಧಕ ಕಣಗಳ ಎಣಿಕೆ, 70. ಆರೋಗ್ಯವಾಗಿರುವವರಲ್ಲಿ ಇದು ಸಾಮಾನ್ಯವಾಗಿ 500ಕ್ಕಿಂತ ಮೇಲಿರುತ್ತದೆ. 200ಕ್ಕಿಂತ ಇಳಿದರೆ ಬೇರೆಯವರಿಗೆ ಏನೂ ಮಾಡದ ಸೂಕ್ಷ್ಮಜೀವಿಗಳೂ ಜೀವ ತೆಗೆಯಬಲ್ಲವು.

"ಇವತ್ತೇ ಎಚ್‌ಐವಿ ಮಾತ್ರೆ ಶುರು ಮಾಡಬಹುದಲ್ವಾ ಡಾಕ್ಟ್ರೇ?" ಅಂದೆ. ಅವರು ನನಗೆ ಉತ್ತರ ಕೊಡಲಿಲ್ಲ, ರೋಗಿಯನ್ನು ಕೇಳಿದರು. ಕೆಮ್ಮು ಇದೆಯಾ? ಜ್ವರ? ತೂಕ ಇಳಿದಿದೆಯಾ? ರಾತ್ರಿ ಬೆವರುತ್ತೀರಾ? ಈ ನಾಲ್ಕು ಟಿಬಿಗೆ. ಎಚ್‌ಐವಿ ಇರುವವರನ್ನು ಜಾಸ್ತಿ ಕೊಲ್ಲುವುದು ಟಿಬಿಯೇ. ಸಿಡಿ4 ಚೆನ್ನಾಗಿದ್ದರೂ ಅದು ಬರಬಹುದು. ನಾಲ್ಕಕ್ಕೂ ಇಲ್ಲ ಅಂದರೆ ಟಿಬಿ ಬಾರದಂತೆ ತಡೆಯುವ ಮಾತ್ರೆ ಕೊಡುತ್ತಾರೆ.

ಐದನೆಯದಾಗಿ ತಲೆನೋವು ಇದೆಯಾ ಅಂದರು. "ಎರಡು ವಾರದಿಂದ ಇದೆ, ಬಿಸಿಲಿಗೆ ಇರಬೇಕು" ಅಂದರು ರೋಗಿ.

ಸಿಡಿ4 ನೂರಕ್ಕಿಂತ ಕಡಿಮೆ ಇದ್ದವರಿಗೆ ರಕ್ತದಲ್ಲಿ ಕ್ರಿಪ್ಟೊಕಾಕಸ್ ಎಂಬ ಫಂಗಸ್ ಇದೆಯಾ ನೋಡಬೇಕು, ತಲೆನೋವು ಇರಲಿ ಬಿಡಲಿ. ಪರೀಕ್ಷೆ ಹಾಕಿದೆ. ಪಾಸಿಟಿವ್. ಬೆನ್ನುಮೂಳೆಯ ನೀರು ತೆಗೆದು ನೋಡಿದರೆ ಅದರಲ್ಲೂ ಇತ್ತು. ಮಿದುಳಿನ ಪೊರೆಗೆ ಹರಡಿಯಾಗಿತ್ತು. ಈ ಸ್ಥಿತಿಯಲ್ಲಿ ಎಚ್‌ಐವಿ ಮಾತ್ರೆ ಕೂಡಲೇ ಕೊಟ್ಟರೆ, ಚೇತರಿಸಿಕೊಂಡ ರೋಗನಿರೋಧಕ ಶಕ್ತಿ ಆ ಫಂಗಸ್ ಮೇಲೆ ಒಮ್ಮೆಗೇ ಮುಗಿಬಿದ್ದು ಮಿದುಳು ಊದಿಕೊಳ್ಳಬಹುದು. ಮೊದಲು ಫಂಗಸ್‌ಗೆ ಔಷಧಿ, ನಾಲ್ಕರಿಂದ ಆರು ವಾರದ ಮೇಲೆ ಎಚ್‌ಐವಿ ಮಾತ್ರೆ. ಜೊತೆಗೆ ನ್ಯುಮೋನಿಯಾ, ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಸೋಂಕು ಬಾರದಂತೆ ದಿನಾ ಕೋಟ್ರೈಮಾಕ್ಸಜೋಲ್ ಮಾತ್ರೆ.

ಅವರು ಐದು ವಾರ ಕಾದರು. ಮೊದಲ ಮಾತ್ರೆ ನುಂಗಿದ ದಿನ ಲ್ಯಾಬ್ ಬಾಗಿಲಿಗೆ ಬಂದು, ತಲೆನೋವು ಹೋಯ್ತು ಅಂತ ಹೇಳಿ ಹೋದರು.